ಹರಗೋಲು ಹತ್ತಿದ ಬುತ್ತಿ

ಊಟ ಮತ್ತು ಹೊಳೆ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡವರಿಗೆ ಫಜೀತಿ ತಪ್ಪಿದ್ದಲ್ಲ. ನನಗಂತೂ ವರ್ಷಕ್ಕೊಮ್ಮೆ ಅದು ಕಟ್ಟಿಟ್ಟ ಬುತ್ತಿ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಇಬ್ಬರು ಗೆಳೆಯರಿದ್ದಾರೆ. ಒಬ್ಬ ಕೊಪ್ಪಳದಲ್ಲಿ ಸರ್ಕಾರಿ ನೌಕರ, ಇನ್ನೊಬ್ಬ ಕುಷ್ಟಗಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಮಳೆಗಾಲ ಮುಗಿದು, ಡ್ಯಾಮಿನ ಗೇಟು ಮುಚ್ಚಿ, ಹೊಳೆ ಸಮಾಧಾನವಾದ ಮೇಲೆ ನಾವು ಮೂವರೂ ಆನೆಗೊಂದಿಯ ಹತ್ತಿರ ಹರಗೋಲು ಹತ್ತಿ, ಹೊಳೆಯ ಒಂದು ನಡುಗಡ್ಡೆಗೆ ಹೋಗುತ್ತೇವೆ. ಅಲ್ಲಿ ಕುಷ್ಟಗಿಯವನ ಬೀಗರ ಬಾಳೆತೋಟವಿದೆ. ತೋಟದಂಚಿನಲ್ಲಿ ಡೇರೆ ಹಾಕಿ, ಒಂದು ರಾತ್ರಿ ಇದ್ದು, ಮರುದಿನ ಬರುವುದು ರೂಢಿ. ಊಟದ ಜವಾಬ್ದಾರಿ ಯಾವಾಗಲೂ ನನ್ನದು. ಕಾರಣ ಕೇಳಿದರೆ, "ನೀ ಅಕ್ಕಿ ಗಿರಣ್ಯಾಗ ಇದ್ದೀಯಲ್ಲೋ" ಎನ್ನುತ್ತಾರೆ.

ಈ ಸಲ ನಮ್ಮ ಜೊತೆ ಯಲಬುರ್ಗಾದ ಕಾಕಾ ಕೂಡ ಬರುವುದೆಂದು ನಿಶ್ಚಯವಾಯಿತು. ಕಾಕಾ ಎಂದರೆ ನಮ್ಮಪ್ಪನ ತಮ್ಮ, ನಿವೃತ್ತ ಬಸ್ ಕಂಡಕ್ಟರ್. ಒಂದು ಕಾಲಕ್ಕೆ ಮದುವೆ ಮನೆಯಲ್ಲಿ ಬಡಿಸುವವರು ಇವರ ಎಲೆಯ ಮುಂದೆ ಬಂದಾಗ ಬಕೆಟ್ಟನ್ನು ನೆಲಕ್ಕಿಟ್ಟು, ಬೆನ್ನು ಸಡಿಲ ಮಾಡಿಕೊಳ್ಳುತ್ತಿದ್ದರು. ಅಂಥ ಮನುಷ್ಯನಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಹಸಿವನ್ನೂ ಕಟ್ಟಿಕೊಂಡು ಹೋಯಿತು. ಎರಡು ಗುಟುಕು ಅಂಬಲಿ ಕುಡಿದು ಕೈ ತೊಳೆದುಬಿಡುವರು. ಡಾಕ್ಟರು, "ದೇಹದಾಗ ಏನೂ ದೋಷ ಇಲ್ಲ. ಬಾಯಿಗೆ ರುಚಿ ಬರಬೇಕು, ಅಷ್ಟ. ಜಾಗಾ ಬದಲ್ ಮಾಡಿ ನೋಡ್ರಿ. ಈ ವಾರನೂ ಹಿಂಗ ಆದ್ರ ಅಡ್ಮಿಟ್ ಮಾಡಿ ಸಲೈನ್ ಬಾಟ್ಲಿ ಹಚ್ಚಬೇಕಾಗ್ತದ" ಎಂದಿದ್ದರು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಫೋನು ಮಾಡಿ ಅತ್ತಳು. "ತಮ್ಮಾ, ಹೊಳಿ ದಂಡಿಗೆರ ಕರಕೊಂಡು ಹೋಗಪಾ. ಅವರು ಒಂದು ರೊಟ್ಟಿ ತಿಂದಿದ್ದು ಕಣ್ಣಿಲೆ ನೋಡಿದ್ರ ಸಾಕು ನನಗ."

ನಾನು ಧೈರ್ಯವಾಗಿ ಹ್ಞೂಂ ಎಂದೆ. ಚಿಕ್ಕಂದಿನಲ್ಲಿ ನನಗೆ ತುತ್ತು ಮಾಡಿ ಉಣಿಸಿದ ಮನುಷ್ಯ ಈಗ ಅನ್ನ ಕಂಡರೆ ಮುಖ ತಿರುಗಿಸುವುದನ್ನು ನೋಡಲು ಆಗುತ್ತಿರಲಿಲ್ಲ.

ಒಂದು: ಹೊಟ್ಟೆ ತುಂಬಿದ ಯೋಜನೆ

ಊಟದ ಯೋಜನೆ ಮಾಡಲು ನಾವು ಮೂವರು ಗಂಗಾವತಿಯ ಒಂದು ಮಿರ್ಚಿ ಅಂಗಡಿಯಲ್ಲಿ ಸೇರಿದೆವು. ಮೊದಲು ಒಂದೊಂದು ಪ್ಲೇಟು ಮಿರ್ಚಿ, ಮಂಡಕ್ಕಿ ಒಗ್ಗರಣಿ. ಚರ್ಚೆಗೆ ಶಕ್ತಿ ಬೇಕೆಂದು ಇನ್ನೊಂದೊಂದು ಪ್ಲೇಟು. ಮೇಲೆ ಚಹಾ. ಆಮೇಲೆ ವಿಷಯಕ್ಕೆ ಬಂದೆವು.

"ರಾತ್ರಿ ಊಟಕ್ಕ ಏನು?" ಎಂದೆ.

ಕೊಪ್ಪಳದವನು ತೇಗಿ, "ರಾತ್ರಿ ಯಾರ್ ಉಣ್ತಾರೋ ಮಾರಾಯಾ. ಎರಡು ಬಾಳಿಹಣ್ಣು ಸಾಕು" ಎಂದ.

"ಮುಂಜಾನಿಗೆ?"

ಕುಷ್ಟಗಿಯವನು ಹೊಟ್ಟೆ ಸವರಿಕೊಂಡು, "ಹೊಳಿ ಗಾಳಿ ಕುಡದ್ರ ಹೊಟ್ಟಿ ತುಂಬತೈತಿ" ಎಂದ.

ಹೀಗೆ ಎರಡು ದಿನದ ಪ್ರವಾಸಕ್ಕೆ ಒಂದು ಗೊನೆ ಬಾಳೆಹಣ್ಣು ಎಂದು ಒಮ್ಮತದಿಂದ ತೀರ್ಮಾನವಾಯಿತು. ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ ನನ್ನ ಅಂಗಿಯ ಮೇಲಿನ ಎಣ್ಣೆ ಕಲೆ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. "ಬಾಳಿತೋಟಕ್ಕ ಬಾಳಿಹಣ್ಣು ಹೊತಗೊಂಡು ಹೋಗ್ತೀರೇನ್ರಿ? ನಾಳೆ ಅವರಿಬ್ಬರನ್ನೂ ಇಲ್ಲಿಗೇ ಕರೀರಿ. ಆದ್ರ ಊಟದಕಿಂತ ಮೊದಲ ಬರ್ಲಿ" ಎಂದಳು.

ಮರುದಿನ ಇಬ್ಬರೂ ಬಂದರು. ಅವಳು ಬೇಕೆಂತಲೇ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಗಡಿಯಾರ ಮುಂದೆ ಹೋದ ಹಾಗೆಲ್ಲ ಯೋಜನೆ ಬೆಳೆಯಿತು. ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳು, ಝುಣಕ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ, ಅನ್ನ, ಸಾರು, ಮೊಸರು, ಸಂಡಿಗೆ. ಕುಷ್ಟಗಿಯವನು ಮದುವೆಯಲ್ಲಿ ಬಡಿಸುವ ಮಾದಲಿಯನ್ನೂ ಸೇರಿಸು ಎಂದಾಗ ಹೆಂಡತಿ ಒಳಗಿನಿಂದ ಕೂಗಿದಳು:

"ಸಾಕು ನಿಲ್ಲಸ್ರೀ! ಹೊಳಿ ದಾಟಾಕ ಹೊಂಟೀರೋ, ಲಗ್ನಾ ಮಾಡಾಕ ಹೊಂಟೀರೋ?"

ಎರಡು: ಯಾರ ಮನೆಯಿಂದ ಏನು

ಕೊನೆಗೆ ಅವಳೇ ಹಂಚಿಕೊಟ್ಟಳು. ರೊಟ್ಟಿ ಕುಷ್ಟಗಿಯಿಂದ, ಪಲ್ಯ ಕೊಪ್ಪಳದಿಂದ, ಅಕ್ಕಿ ಮೊಸರು ನಮ್ಮ ಮನೆಯಿಂದ. ಝುಣಕವನ್ನು ಗಡ್ಡೆಯ ಮೇಲೆ ಬಿಸಿಬಿಸಿ ಮಾಡುವುದು, ಯಾಕೆಂದರೆ ಕಾಕಾನಿಗೆ ಝುಣಕ ಎಂದರೆ ಪ್ರಾಣ. ಎಲ್ಲ ಸ್ಪಷ್ಟ. ಯಾರೂ ಮರೆಯುವ ಹಾಗಿಲ್ಲ.

ಯಾರೂ ಮರೆಯಲಿಲ್ಲ ಕೂಡ. ಹೊಳೆ ದಂಡೆಯಲ್ಲಿ ಕುಷ್ಟಗಿಯವನು ದೊಡ್ಡ ಗಂಟು ಇಳಿಸಿದ. ರೊಟ್ಟಿ. ಕೊಪ್ಪಳದವನು ಅದಕ್ಕಿಂತ ದೊಡ್ಡ ಗಂಟು ಇಳಿಸಿದ. ಬಿಚ್ಚಿ ನೋಡಿದರೆ ಅದೂ ರೊಟ್ಟಿ.

"ಪಲ್ಯಾ ಎಲ್ಲೋ?"

"ಮನ್ಯಾಗ ಅಂದ್ಲು, ಪಲ್ಯಾ ಕೆಡತೈತಿ, ರೊಟ್ಟಿ ಕೆಡೂದಿಲ್ಲ. ಅವರು ತರ್ತಾರಂತ ನಂಬಿ ನೀವು ಉಪಾಸ ಬಿದ್ರ ಏನ್ ಮಾಡ್ತೀರಿ ಅಂತ ಕಟ್ಟ್ಯಾಳ."

ನಗುತ್ತಾ ನನ್ನ ಅಕ್ಕಿ ಚೀಲ ತೆರೆದೆ. ಮೇಲೆ ಅಕ್ಕಿ, ಕೆಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ. ನನ್ನ ಹೆಂಡತಿಯೂ ಯಾರನ್ನೂ ನಂಬಿರಲಿಲ್ಲ. ಕಾಕಾನ ಕೈಚೀಲದಲ್ಲಿ ಚಿಗವ್ವ ಇಟ್ಟ ಸಜ್ಜೆ ರೊಟ್ಟಿ ಇದ್ದವು. ನಮ್ಮ ಸೀಮೆಯಲ್ಲಿ ಗಂಡಸು ಹೊಸ್ತಿಲು ದಾಟಿದರೆ ಅವನ ಹಿಂದೆ ರೊಟ್ಟಿ ದಾಟದೆ ಇರುವುದಿಲ್ಲ. ಒಟ್ಟು ಲೆಕ್ಕದಲ್ಲಿ ಪಲ್ಯ ಒಂದು ಸೌಟೂ ಇರಲಿಲ್ಲ. ಎಲ್ಲರ ಗಂಟಿನಲ್ಲೂ ಶೇಂಗಾ ಚಟ್ನಿಪುಡಿ ಮಾತ್ರ ಇತ್ತು. ಅದೇ ಪುಣ್ಯ.

ಎಲ್ಲವನ್ನೂ ಹೇರಿ ನಾವೂ ಹರಗೋಲು ಹತ್ತಿದಾಗ, ಮೀಸೆ ಹೊತ್ತ ಅಂಬಿಗ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೂ ಗಂಟುಗಳನ್ನೂ ನೋಡಿದ. "ಸಾಹೇಬ್ರ, ಇಷ್ಟು ಭಾರ ಒಂದ ಸಲಕ್ಕ ಆಗೂದಿಲ್ರಿ. ಮಂದೀನರ ಇಳೀರಿ, ರೊಟ್ಟಿನರ ಇಳಸ್ರಿ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂವರೂ ಕೆಳಗಿಳಿದೆವು. ಮೊದಲ ಸುತ್ತಿಗೆ ರೊಟ್ಟಿ ಹೋದವು, ಕಾವಲಿಗೆ ಕಾಕಾ ಹೋದರು.

ಮೂರು: ಮೊಸರು

ಎರಡನೇ ಸುತ್ತಿಗೆ ನಾವು ಹತ್ತಿದೆವು. ಸ್ಟೀಲ್ ಕ್ಯಾನಿನಲ್ಲಿ ಮೊಸರು ನನ್ನ ತೊಡೆಯ ಮೇಲೆ. ಮೊಸರಿಲ್ಲದೆ ನಮ್ಮ ಕಡೆ ಊಟ ಮುಗಿಯುವುದೇ ಇಲ್ಲ, ಬರೀ ನಿಲ್ಲುತ್ತದೆ. ಅದೂ ಎಮ್ಮೆ ಹಾಲಿನ ಮೊಸರು, ಕಾಕಾನಿಗೆಂದೇ ಹೆಂಡತಿ ಹೆಪ್ಪು ಹಾಕಿದ್ದು. ಅಂಬಿಗ ನಮಗೆಲ್ಲ ಲೈಫ್ ಜಾಕೆಟ್ ಕೊಟ್ಟ. ಒಂದು ಉಳಿಯಿತು. ಅದನ್ನು ನಾನು ಕ್ಯಾನಿಗೆ ತೊಡಿಸಿ ಬಕಲ್ ಹಾಕಿದೆ. ಯಾರೂ ನಗಲಿಲ್ಲ. ಎಲ್ಲರಿಗೂ ಅದು ಸರಿ ಎನಿಸಿತ್ತು.

ನಡುಹೊಳೆಗೆ ಬಂದಾಗ ಕೊಪ್ಪಳದವನಿಗೆ ಆಸೆ ಹುಟ್ಟಿತು. "ಟೂರಿಸ್ಟ್ ಮಂದಿಗೆ ಗರಗರ ತಿರುಗಸ್ತೀಯಲ್ಲಪಾ, ನಮಗೂ ತಿರುಗಸು, ವೀಡಿಯೊ ಮಾಡ್ತೀನಿ."

ಅಂಬಿಗನಿಗೆ ಅಷ್ಟೇ ಬೇಕಿತ್ತು. ಹುಟ್ಟು ಒತ್ತಿ ಹರಗೋಲನ್ನು ಬುಗುರಿ ಮಾಡಿದ. ಬಂಡೆ, ಬಾಳೆ, ಆಕಾಶ, ಅಂಬಿಗನ ಮೀಸೆ ಎಲ್ಲ ಸುತ್ತಿದವು. ಕುಷ್ಟಗಿಯವನು ಕಣ್ಣು ಮುಚ್ಚಿ ಹುಲಿಗೆಮ್ಮ ದೇವಿಯ ಹೆಸರು ಹೇಳತೊಡಗಿದ. ನಾನು ಕ್ಯಾನನ್ನು ಎದೆಗವುಚಿಕೊಂಡು ಕೂತೆ. ಕೊಪ್ಪಳದವನು, "ಇನ್ನೊಂದ್ ಸಲ, ವೀಡಿಯೊ ಆನ್ ಆಗಿರಲಿಲ್ಲ" ಎಂದ. ಇನ್ನೊಂದು ಸಲವೂ ಆಯಿತು.

ಗಡ್ಡೆಗೆ ಇಳಿದು, ಕಾಕಾನ ಮುಂದೆ ಪ್ಲೇಟಿಟ್ಟು, ಗಟ್ಟಿ ಮೊಸರು ಬಡಿಸಲು ಕ್ಯಾನು ಬಾಗಿಸಿದೆ. ಸೊಂಯ್ ಎಂದು ಮಜ್ಜಿಗೆ ಬಂತು. ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿಕೊಂಡಿತ್ತು.

ಅದನ್ನೇ ಲೋಟಕ್ಕೆ ಹಾಕಿ ಕೊಟ್ಟರೆ, ಕಾಕಾ ಒಂದು ಗುಟುಕು ಕುಡಿದು ಕೆಳಗಿಟ್ಟರು. "ಸಾಕು ತಮ್ಮಾ." ಯೋಜನೆಯ ಮೊದಲ ಅಸ್ತ್ರವೇ ಹೋಗಿತ್ತು.

ಅಂಬಿಗ ಮಾತ್ರ ಮುಚ್ಚಳದೊಳಗೆ ಇಣುಕಿ ನೋಡಿ ಹೆಮ್ಮೆಯಿಂದ ಹೇಳಿದ: "ಬೆಣ್ಣಿ ಛಲೋ ಬಂದೈತ್ರಿ. ಬರೋ ವರ್ಷ ಹಾಲ ತರ್ರಿ, ತುಪ್ಪಾ ಮಾಡಿ ಕೊಡ್ತೀನಿ."

ನಾಲ್ಕು: ಬಂಡೆಯ ಮೇಲಿಂದ ಬಂದ ಉಪ್ಪು

ಇನ್ನು ಉಳಿದದ್ದು ಝುಣಕ. ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಆಮೇಲೆ ತಿಳಿಯಿತು, ನಮ್ಮಲ್ಲಿ ಯಾರೂ ಈವರೆಗೆ ಝುಣಕ ಮಾಡಿಲ್ಲ, ಎಲ್ಲರೂ ತಿಂದೇ ದೊಡ್ಡವರಾದವರು. ಮೊದಲು ನೀರೋ, ಮೊದಲು ಕಡಲೆ ಹಿಟ್ಟೋ ಎಂದು ವಾದ ಎದ್ದಿತು. ಮನೆಗೆ ಫೋನು ಮಾಡೋಣವೆಂದರೆ ಗಡ್ಡೆಯ ಮೇಲೆ ನೆಟ್‌ವರ್ಕ್ ಇಲ್ಲ. ತೋಟದ ಹಿಂದಿನ ದೊಡ್ಡ ಬಂಡೆಯನ್ನು ಹತ್ತಿದರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ಬರುತ್ತದೆ.

ಮೊದಲು ಕುಷ್ಟಗಿಯವನು ಹತ್ತಿ, ಹೆಂಡತಿಯನ್ನು ಕೇಳಿ, ಮೇಲಿಂದಲೇ ಕೂಗಿದ. "ಎಣ್ಣಿ ಕಾಯಲಿ! ಸಾಸಿವಿ ಹಾಕ್ರಿ! ಉಳ್ಳಾಗಡ್ಡಿ ಹಾಕ್ರಿ! ನೀರು, ಉಪ್ಪು!" ನಾನು ಹಾಕಿದೆ.

ಅವನು ಇಳಿಯುವಷ್ಟರಲ್ಲಿ ಕೊಪ್ಪಳದವನಿಗೆ ಸಂಶಯ ಬಂತು. "ಕುಷ್ಟಗಿ ಝುಣಕಾ ಗಟ್ಟಿ ಇರತೈತಿ. ನಾ ನಮ್ಮಾಕೀನ ಕೇಳ್ತೀನಿ ತಡಿ." ಅವನೂ ಹತ್ತಿದ, ಕೂಗಿದ. ಈ ಸಲ ಕುಷ್ಟಗಿಯವನು ಒಲೆಯ ಮುಂದೆ ಕೂತಿದ್ದ. ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಹಾಕಿದ, ಉಪ್ಪನ್ನೂ.

ನನಗೆ ಸಮಾಧಾನವಾಗಲಿಲ್ಲ. ಕಾಕಾನ ವಿಷಯ, ತಪ್ಪಬಾರದು ಎಂದು ನಾನೂ ಏದುಸಿರು ಬಿಡುತ್ತ ಹತ್ತಿ ಹೆಂಡತಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ, "ಕಡಿಗೆ ರುಚಿಗೆ ತಕ್ಕಷ್ಟು ಉಪ್ಪು ಹಾಕಿಸ್ರಿ" ಎಂದಳು. ಹಾಕಿಸಿದೆ.

ಮುಗಿದ ಮೇಲೆ ಒಂದು ರೊಟ್ಟಿಯ ತುಂಡಿಗೆ ಝುಣಕ ಹಚ್ಚಿ ಕಾಕಾನಿಗೆ ಕೊಟ್ಟೆವು. ಮೂವರೂ ಅವರ ಬಾಯಿಯನ್ನೇ ನೋಡುತ್ತ ನಿಂತೆವು. ಕಾಕಾ ಅಗಿದರು. ಮುಖ ಕಿವುಚಿದರು. ಥೂ ಎಂದು ಉಗಿದರು.

"ಏನ್ರೋ ಇದು! ಉಪ್ಪಿನ ಗಣಿಯಾಗ ಕಲಸೀರೇನು?"

ನಾನು ಕಾಕಾನನ್ನು ತಬ್ಬಿಕೊಂಡೆ. ಇಷ್ಟು ದಿನ ಏನು ಕೊಟ್ಟರೂ, "ಎಲ್ಲಾ ಸಪ್ಪಗ ಮಣ್ಣು ತಿಂದಂಗ ಆಗತೈತಿ" ಎನ್ನುತ್ತಿದ್ದ ನಾಲಿಗೆ ಅದು. ಅದಕ್ಕೆ ಉಪ್ಪು ತಿಳಿದಿತ್ತು! ಓಡಿಹೋಗಿ ಬಂಡೆ ಹತ್ತಿ ಚಿಗವ್ವನಿಗೆ ಫೋನು ಮಾಡಿದೆ. "ಚಿಗವ್ವಾ, ಕಾಕಾ ಉಗುಳಿದ್ರು!" ಎಂದು ಕೂಗಿದೆ.

ಚಿಗವ್ವ ಕೇಳಿದಳು: "ಉಗುಳಾಕ ಅಷ್ಟು ದೂರ ಕರಕೊಂಡು ಹೋಗ್ಬೇಕಾಗಿತ್ತೇನೋ ತಮ್ಮಾ? ಇಲ್ಲೇ ಉಗುಳ್ತಿದ್ರು."

ಐದು: ಬಾಳೆ ಎಲೆಯ ಗಂಟು

ಅಷ್ಟಾದರೂ ಕಾಕಾ ಅವತ್ತು ಅರ್ಧ ಬಾಳೆಹಣ್ಣಿನ ಮೇಲೆ ಏನೂ ಮುಟ್ಟಲಿಲ್ಲ. ನಾವು ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದೆವು. ತಿಂದಷ್ಟೂ ಗಂಟು ಹಾಗೇ ಇದ್ದವು. ಯೋಜನೆ ಪೂರ್ತಿ ಮಣ್ಣು ಮುಕ್ಕಿತ್ತು. ನಾಳೆ ಇವರನ್ನು ಇಲ್ಲಿಂದ ನೇರ ಆಸ್ಪತ್ರೆಗೇ ಒಯ್ಯಬೇಕಲ್ಲ ಎಂದುಕೊಂಡು ಮಲಗಿದೆ. ದುಃಖವಾಯಿತು.

ಬೆಳಿಗ್ಗೆ ಎದ್ದು ನೋಡಿದರೆ ಡೇರೆಯಲ್ಲಿ ಕಾಕಾ ಇಲ್ಲ. ಗಾಬರಿಯಾಗಿ ಹೊಳೆಯ ಕಡೆ ಓಡಿದೆ. ರಾತ್ರಿ ಅಲ್ಲೇ ಉಳಿದ ಅಂಬಿಗ ಬೋರಲು ಹಾಕಿದ್ದ ಹರಗೋಲಿಗೆ ಒರಗಿ ಕಾಕಾ ಬಿಸಿಲು ಕಾಯಿಸುತ್ತ ಕೂತಿದ್ದರು. ತೊಡೆಯ ಮೇಲೆ ಬಾಳೆ ಎಲೆಯ ಗಂಟು. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಕಂದು ಉಂಡೆಗಳು. ಕಾಕಾ ಒಂದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಇನ್ನೊಂದು ಕೈಯಲ್ಲಿ ಮುಂದಿನದು ತಯಾರಿತ್ತು.

"ಕಾಕಾ!"

"ಬಾ ತಮ್ಮಾ. ಹರಗೋಲದ ಬಾಜೂಕ ಇತ್ತು. ವಾಸನಿಗೆ ಹಸಿವ್ಯಾತು. ಏನ್ ಛಲೋ ಮಾಡ್ಯಾರೋ! ಶೇಂಗಾ ಐತಿ, ಬೆಲ್ಲ ಐತಿ, ಯಾಲಕ್ಕಿನೂ ಹಾಕ್ಯಾರ. ಯಾರ ಮನೀದು?"

ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ದಿನವಾಗಿತ್ತು ಆ ಬಾಯಿ ಹಾಗೆ ಆಡಿದ್ದನ್ನು ನೋಡಿ! ಗೆಳೆಯರೂ ಬಂದರು. ಕುಷ್ಟಗಿಯವನು ಕೈಮುಗಿದೇಬಿಟ್ಟ. ಕಾಕಾ ಕೊನೆಯ ಉಂಡೆ ಮುಗಿಸಿ, ಎಲೆಯನ್ನೂ ಬೆರಳಿನಿಂದ ಬಳಿದು ನೆಕ್ಕಿ, "ಈಗ ಒಂದು ರೊಟ್ಟಿ ತಾ" ಎಂದರು. ನಮ್ಮ ಹತ್ತಿರ ಇರುವುದೇ ಅದು. ಓಡಿದೆ.

ಆಗ ತೋಟದ ಆ ಬದಿಯಿಂದ ಅಂಬಿಗ ಬಂದ. ಕೈಯಲ್ಲಿ ಉದ್ದನೆಯ ಗಳ, ತುದಿಗೆ ದಾರ, ಗಾಳ. ಹರಗೋಲಿನ ಸುತ್ತ ಹುಡುಕಾಡಿದ. ನನ್ನನ್ನು ಬದಿಗೆ ಕರೆದು, "ಸಾಹೇಬ್ರ, ಇಲ್ಲೊಂದು ಬಾಳಿ ಎಲಿ ಗಂಟಿತ್ತಲ್ರಿ?" ಎಂದ.

"ಇತ್ತು. ಯಾಕ?"

"ಮೀನ ಹಿಡಿಯಾಕ ಕಲಸಿಟ್ಟಿದ್ದೆರಿ."

ನಾವು ಮೀನು ಮುಟ್ಟುವ ಮನೆತನದವರಲ್ಲ, ಮೀನಿನ ಊಟವನ್ನು ಮುಟ್ಟಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅವನ ಎರಡೂ ಭುಜ ಹಿಡಿದು, "ಅದರಾಗ ಏನೇನ್ ಹಾಕಿದ್ದಿ, ಖರೇ ಹೇಳು" ಎಂದೆ.

"ಜ್ವಾಳದ ಹಿಟ್ಟು ಹುರದು, ಶೇಂಗಾ ಕುಟ್ಟಿ, ಬೆಲ್ಲ ಹಾಕಿದ್ದೆರಿ. ವಾಸನಿ ಬರ್ಲಿ ಅಂತ ಎರಡು ಯಾಲಕ್ಕಿ."

"ಹುಳಾ?"

"ಛೆ ಛೆ, ಹುಳದ ಡಬ್ಬಿ ಬ್ಯಾರೆ ಐತ್ರಿ. ಇಲ್ನೋಡ್ರಿ, ಭದ್ರ ಐತಿ."

ಹುಳ ತುಂಬಿದ ಡಬ್ಬಿಯನ್ನು ನೋಡಿ ನನಗೆ ಆದಷ್ಟು ಸಂತೋಷ ಬಂಗಾರದ ಡಬ್ಬಿ ನೋಡಿದರೂ ಆಗುತ್ತಿರಲಿಲ್ಲ. ಕಾಕಾನಿಗೆ ಹೇಳುವುದು ಬೇಡವೆಂದು ತೀರ್ಮಾನಿಸಿ, "ಅಂಬಿಗನ ಮನಿಯಾಗ ಮಾಡಿ ಕಳಿಸ್ಯಾರ" ಎಂದುಬಿಟ್ಟೆ. ಕಾಕಾ ಅಷ್ಟೊತ್ತಿಗೆ ಎರಡನೇ ರೊಟ್ಟಿಯಲ್ಲಿದ್ದರು.

ಅಂಬಿಗ ಗಳವನ್ನು ಹೆಗಲಿಗೇರಿಸಿ, ಕಾಕಾನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಹೇಳಿದ: "ಹುಟ್ಟಿದಾಗಿಂದ ಮೀನ ಹಿಡಿತೀನಿ ಸಾಹೇಬ್ರ. ಇಷ್ಟು ದೊಡ್ಡದು ಒಂದೂ ಬಿದ್ದಿದ್ದಿಲ್ಲ."

ಆರು: ಉಡಿ

ಕಾಕಾ ಯಲಬುರ್ಗಾಕ್ಕೆ ಹೋದರು, ಉಂಡರು, ಇನ್ನೂ ಉಂಡರು. ಆಸ್ಪತ್ರೆಯ ಮಾತು ಬಿದ್ದುಹೋಯಿತು. ನಾನು ನಿಶ್ಚಿಂತೆಯಿಂದ ಗಿರಣಿಯಲ್ಲಿ ಕೂತಿದ್ದಾಗ ಚಿಗವ್ವನ ಫೋನು ಬಂತು.

"ತಮ್ಮಾ, ಯಾರ ಕೈಯಡಗಿ ತಿಂದು ಇವರ ಬಾಯಿಗೆ ರುಚಿ ಬಂತೋ, ಆ ಕೈಯವರಿಗೆ ಉಡಿ ತುಂಬ್ತೀನಂತ ಹುಲಿಗೆಮ್ಮಗ ಬೇಡ್ಕೊಂಡಿದ್ದೆ. ಆ ಅಂಬಿಗನ ಹೆಂಡ್ತಿ ಮನಿ ತೋರಸು. ನಾಳೆ ಬರ್ತೀವಿ."

ನಾನು ಹೊಳೆ ತುಂಬಿದೆ ಎಂದೆ, ಬಸ್ಸಿಲ್ಲ ಎಂದೆ. ಹರಕೆ ಹೊತ್ತ ಹೆಂಗಸಿನ ಮುಂದೆ ಯಾವ ಸುಳ್ಳೂ ನಿಲ್ಲಲಿಲ್ಲ. ಮರುದಿನ ಚಿಗವ್ವ, ಕಾಕಾ, ಒಂದು ಚೀಲ ತುಂಬ ಕುಪ್ಪಸದ ಖಣ, ಕಾಯಿ, ಅಕ್ಕಿ, ಉತ್ತತ್ತಿ, ಬಳೆ ಸಮೇತ ಬಂದಿಳಿದರು. ಅಂಬಿಗನಿಗೆ ಮೊದಲೇ ಒಂದು ಮಾತು ಹೇಳೋಣವೆಂದರೆ ಅವನ ಫೋನು ಹತ್ತಲೇ ಇಲ್ಲ.

ಅಂಬಿಗನ ಮನೆಯ ಕಟ್ಟೆಯ ಮೇಲೆ ಚಿಗವ್ವ ಅವನ ಹೆಂಡತಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಕುಂಕುಮ ಹಚ್ಚಿ, "ನಿನ್ನ ಕೈ ಬಂಗಾರದ್ದವ್ವಾ. ಆ ಉಂಡಿ ತಿಂದ ಮ್ಯಾಲ ನಮ್ಮನ್ಯವರು ಉಣ್ಣಾಕ ಹತ್ಯಾರ" ಎಂದಳು.

ಅವಳು ಕಣ್ಣು ಕಣ್ಣು ಬಿಟ್ಟಳು. "ಯಾವ ಉಂಡಿ ಯವ್ವಾ? ನಾ ಏನೂ ಮಾಡಿಲ್ರಿ. ಹಿಟ್ಟು ಕಲಸೂದೆಲ್ಲಾ ಇವರ. ನನ್ನ ಕೈಲೆ ಮುಟ್ಟಾಕೂ ಕೊಡೂದಿಲ್ಲ."

ಚಿಗವ್ವ ತಿರುಗಿ ಅಂಬಿಗನನ್ನು ನೋಡಿದಳು. ಅವನ ಮೀಸೆ ನೋಡಿದಳು. ಕೈಯಲ್ಲಿದ್ದ ಖಣ ನೋಡಿದಳು. ನಾನು ಓಣಿಯ ಕಡೆ ಸರಿದೆ.

"ಹರಕಿ ಅಂದ್ರ ಹರಕೀನ. ಕೈಯವರಿಗೆ ಅಂತ ಬೇಡ್ಕೊಂಡೀನಿ, ಹೆಣ್ಣೋ ಗಂಡೋ ಅಂತ ಹೇಳಿಲ್ಲ. ಕುಂಡ್ರಪಾ."

ಅಂಬಿಗ ಎಷ್ಟು ಬೇಡವೆಂದರೂ ಬಿಡಲಿಲ್ಲ. ಹೆಂಡತಿಯ ಜಾಗದಲ್ಲಿ ಅವನನ್ನು ಕೂರಿಸಿ, ಹೆಗಲ ಮೇಲಿನ ಟವೆಲ್ಲನ್ನೇ ಉಡಿ ಮಾಡಿ ಹಿಡಿಸಿ, ಅಕ್ಕಿ, ಕಾಯಿ, ಖಣ ಎಲ್ಲ ತುಂಬಿದಳು. ಬಳೆಯನ್ನು ಮಾತ್ರ ಅವನ ಹೆಂಡತಿಗೆ ಕೊಟ್ಟಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಓಣಿಯ ಅರ್ಧ ಮಂದಿ ಬಂದು ನಿಂತಿದ್ದರು. ಅಂಬಿಗ ಮದುಮಗಳಿಗಿಂತ ಹೆಚ್ಚು ತಲೆ ತಗ್ಗಿಸಿದ್ದ.

ಎಲ್ಲ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಆಗ ಚಿಗವ್ವ ಪ್ರೀತಿಯಿಂದ ಕೇಳಿದಳು:

"ಅಷ್ಟು ರುಚಿ ಮಾಡಿದ್ದಿಯಲ್ಲಪಾ, ಅವತ್ತು ಯಾರಿಗಂತ ಮಾಡಿದ್ದಿ?"

ನಾನು ಅಂಬಿಗನಿಗೆ ಕಣ್ಣು ಹೊಡೆದೆ, ಕೈ ಆಡಿಸಿದೆ, ಕೆಮ್ಮಿದೆ. ತಲೆ ತಗ್ಗಿಸಿದವನಿಗೆ ಅದೆಲ್ಲಿ ಕಾಣಬೇಕು? ಉಡಿಯಲ್ಲಿ ದೇವರ ಅಕ್ಕಿ ಇಟ್ಟುಕೊಂಡು ಸುಳ್ಳು ಹೇಳುವ ಮನುಷ್ಯನೂ ಅವನಲ್ಲ.

"ಮೀನಿಗ್ರೀ ಯವ್ವಾ" ಎಂದ.

ಚಿಗವ್ವ ನನ್ನ ಕಡೆ ತಿರುಗಿದಳು. ನಾನು ಕಾಕಾನ ಕಡೆ ನೋಡಿದೆ. ವಾಂತಿ ಮಾಡಿಕೊಳ್ಳುತ್ತಾರೋ, ಮತ್ತೆ ಊಟ ಬಿಡುತ್ತಾರೋ, ನನ್ನ ಕಪಾಳಕ್ಕೆ ಬಿಗಿಯುತ್ತಾರೋ ಒಂದೂ ತಿಳಿಯಲಿಲ್ಲ.

ಕಾಕಾ ಅಂಬಿಗನನ್ನು ಒಮ್ಮೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ, ಒಳಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಮೀನಿಗೇ ಇಷ್ಟು ಛಲೋ ಮಾಡಿ ಹಾಕ್ತಾರಂದ್ರ, ಮನಿಗೆ ಬಂದ ಬೀಗರಿಗೆ ಹೆಂಗ ಮಾಡ್ತಿರಬೇಕು! ಏ, ಎಲ್ಲಾರೂ ಬರ್ರಿ. ಉಂಡ ಹೋಗೂನು."